ಅಪ್‌ಗ್ರೇಡ್ ಆದ ಮೇಲೆ ಸುಡೋ ಕೈಕೊಟ್ಟಿತು: ರೂಟ್ ಹಕ್ಕು ವಾಪಸ್ ಪಡೆದ ಕೆಲಸದ ದಾಖಲೆ

ಡೆಬಿಯನ್ ಎಂಬ ಲಿನಕ್ಸ್ ಓಡುವ ಒಂದು ಫೈಲ್ ಸರ್ವರ್. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಅಪ್‌ಗ್ರೇಡ್ ಮುಗಿದಿತ್ತು, ರೀಬೂಟ್ ಕೂಡ ಆಗಿತ್ತು. ದೂರದಿಂದ ಎಸ್‌ಎಸ್‌ಎಚ್ ಕೀ ಬಳಸಿ ಲಾಗಿನ್ ಆಗಬಹುದು. ಹಂಚಿಕೊಂಡ ಫೋಲ್ಡರ್‌ಗಳೆಲ್ಲ ಕಾಣುತ್ತವೆ. ಆದರೆ ಸುಡೋ ಹಾಕಿ, ಅಂದರೆ ರೂಟ್ (ಯಂತ್ರದ ಮೇಲೆ ಪೂರ್ತಿ ಹಕ್ಕಿರುವ ಖಾತೆ) ಆಗಿ ಓಡಲಿ ಎಂದು, ಯಾವ ಕಮಾಂಡ್ ಕೊಟ್ಟರೂ ಪಾಸ್‌ವರ್ಡ್ ಕೇಳುತ್ತದೆ, ತೆಗೆದುಕೊಳ್ಳುತ್ತದೆ, ಆಮೇಲೆ ಒಂದೇ ಮಾತು: ಈ ಬಳಕೆದಾರ ಸುಡೋಯರ್ಸ್ ಫೈಲ್‌ನಲ್ಲಿ ಇಲ್ಲ. ಸುಡೋ ಯಾರಿಗೆ ಸಿಗಬೇಕು ಎಂಬ ಪಟ್ಟಿ ಆ ಫೈಲ್. ಅಡ್ಮಿನ್ ಕೆಲಸಕ್ಕೆ ಇದ್ದದ್ದು ಇದೊಂದೇ ಖಾತೆ. ರೂಟ್ ಖಾತೆಗೆ ಪಾಸ್‌ವರ್ಡೇ ಇಟ್ಟಿರಲಿಲ್ಲ.

ಇಂಥ ಹೊತ್ತಿನಲ್ಲಿ ಇನ್ನೊಮ್ಮೆ ರೀಬೂಟ್ ಮಾಡಿ ನೋಡೋಣ ಅನ್ನಿಸುತ್ತದೆ. ಬೇಡ. ಮೊದಲು ಎಲ್ಲಾದರೂ ರೂಟ್ ಶೆಲ್ (ಕಮಾಂಡ್ ಕೊಡುವ ಪ್ರಾಂಪ್ಟ್) ಒಂದು ತೆರೆದೇ ಉಳಿದಿದೆಯಾ ನೋಡಿ. ಇನ್ನೊಂದು ಟರ್ಮಿನಲ್, ಟಿಮಕ್ಸ್ ಸೆಷನ್, ಬೇರೆಯವರ ಲ್ಯಾಪ್‌ಟಾಪ್, ಎಲ್ಲವನ್ನೂ ನೋಡಿ. ಒಮ್ಮೆ ರೂಟ್ ಆಗಿ ಶುರುವಾದ ಶೆಲ್‌ನ ಹಕ್ಕನ್ನು ಆಮೇಲೆ ಬದಲಾದ ಸುಡೋಯರ್ಸ್ ಫೈಲ್ ಕಿತ್ತುಕೊಳ್ಳುವುದಿಲ್ಲ. ಸುಡೋ ಪರೀಕ್ಷೆ ನಡೆಯುವುದು ಕಮಾಂಡ್ ಶುರುವಾಗುವಾಗ ಮಾತ್ರ. ಅಂಥ ಶೆಲ್ ಒಂದು ಸಿಕ್ಕರೆ ಕೆಲಸ ಕೆಲವು ನಿಮಿಷದ್ದು. ಇಲ್ಲಿ ಅಪ್‌ಗ್ರೇಡ್ ನಂತರ ಆಗಲೇ ರೀಬೂಟ್ ಆಗಿದ್ದರಿಂದ ಅಂಥದ್ದೇನೂ ಉಳಿದಿರಲಿಲ್ಲ.

ಮುಂದೆ ಹೋಗುವ ಮೊದಲು ದೋಷದ ಸಾಲನ್ನು ಸರಿಯಾಗಿ ಓದಬೇಕು. "ಸುಡೋ ಕೆಲಸ ಮಾಡ್ತಿಲ್ಲ" ಎಂದು ನಾವು ಒಂದೇ ಮಾತಲ್ಲಿ ಹೇಳುತ್ತೇವೆ. ಸುಡೋ ಮಾತ್ರ ಎಲ್ಲಿ ಕೆಟ್ಟಿದೆ ಎಂದು ಬೇರೆ ಬೇರೆ ಮಾತಲ್ಲಿ ಹೇಳುತ್ತದೆ. ಸುಡೋ ಪ್ರೋಗ್ರಾಂನ ಮಾಲೀಕ ರೂಟ್ ಆಗಿರಬೇಕು, ಸೆಟ್‌ಯುಐಡಿ ಬಿಟ್ (ಯಾರು ಓಡಿಸಿದರೂ ಮಾಲೀಕನ ಹಕ್ಕಿನಲ್ಲಿ ಓಡಿಸುವ ಗುರುತು) ಇರಬೇಕು ಎಂದು ಗೊಣಗಿದರೆ ಫೈಲ್ ಅನುಮತಿ ಹಾಳಾಗಿದೆ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಮತ್ತೆ ಕೇಳಿದರೆ ತೊಂದರೆ ಪ್ಯಾಮ್‌ನಲ್ಲಿ, ಅಂದರೆ ಪಾಸ್‌ವರ್ಡ್ ಪರೀಕ್ಷಿಸುವ ಪದರದಲ್ಲಿ. ಲಿನಕ್ಸ್-ಪ್ಯಾಮ್ 1.5.0 ಆವೃತ್ತಿ 2020ರಲ್ಲಿ ಬಂದಾಗ ಪ್ಯಾಮ್-ಟ್ಯಾಲಿ2 ಎಂಬ ಹಳೆಯ ಮಾಡ್ಯೂಲನ್ನು ತೆಗೆದುಹಾಕಿತು. ಹಳೆಯ ಸೆಟ್ಟಿಂಗ್ ಫೈಲ್‌ನಲ್ಲಿ ಅದರ ಹೆಸರು ಉಳಿದಿದ್ದರೆ, ಇಲ್ಲದ ಮಾಡ್ಯೂಲನ್ನು ಕರೆಯಲು ಹೋಗಿ ಪಾಸ್‌ವರ್ಡ್ ಲಾಗಿನ್‌ಗಳು ಬೀಳುತ್ತವೆ. ಕೀ ಬಳಸುವ ಎಸ್‌ಎಸ್‌ಎಚ್ ಮಾತ್ರ ಪಾಸ್‌ವರ್ಡ್ ಹಂತ ದಾಟಿಕೊಂಡು ಒಳಗೆ ಬಿಡುತ್ತದೆ. ಹಾಗಾಗಿ ನೋಡುವವರಿಗೆ ಸುಡೋ ಮಾತ್ರ ಕೆಟ್ಟಂತೆ ಕಾಣುತ್ತದೆ.

ಇಲ್ಲಿ ಬಂದದ್ದು ಇವೆರಡೂ ಅಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರಿಗೂ ಸುಡೋ ಮೊದಲು ಪಾಸ್‌ವರ್ಡ್ ಕೇಳುತ್ತದೆ, ಅದು ಸರಿಯಾದ ಮೇಲೆಯೇ ಹೆಸರಿಲ್ಲ ಎನ್ನುತ್ತದೆ. ಅಂದರೆ ಪ್ರೋಗ್ರಾಂ ಸರಿಯಿದೆ, ಪ್ಯಾಮ್ ಸರಿಯಿದೆ, ಪಾಸ್‌ವರ್ಡೂ ಸರಿಯಿದೆ. ಹೋಗಿರುವುದು ಅನುಮತಿಯ ಪಟ್ಟಿ ಮಾತ್ರ. ಇಷ್ಟು ತಿಳಿದರೆ ಅರ್ಧ ಕೆಲಸ ಆದಂತೆ. ಪಾಸ್‌ವರ್ಡ್ ಬದಲಿಸುವ ದಾರಿಗಳ ಹಿಂದೆ ಸುಮ್ನೆ ಓಡುವುದು ತಪ್ಪುತ್ತದೆ. ಅನುಮಾನ ಬಂತೆಂದು ಪಾಸ್‌ವರ್ಡ್ ಹತ್ತಾರು ಸಲ ಹೊಡೆಯುವುದಂತೂ ಬೇಡ. ಫೇಲ್‌ಲಾಕ್ (ತಪ್ಪು ಪಾಸ್‌ವರ್ಡ್ ಎಣಿಸಿ ಖಾತೆ ಮುಚ್ಚುವ ಮಾಡ್ಯೂಲ್) ಇರುವ ಸಿಸ್ಟಂನಲ್ಲಿ ಮೂಲ ಸೆಟ್ಟಿಂಗ್ ಪ್ರಕಾರ ಮೂರು ತಪ್ಪಾದರೆ ಖಾತೆ 600 ಸೆಕೆಂಡ್ ಮುಚ್ಚುತ್ತದೆ. ಆಗ ಒಂದು ತೊಂದರೆಯ ಮೇಲೆ ಇನ್ನೊಂದು ಕೂರುತ್ತದೆ.

ರೂಟ್ ಇಲ್ಲದೆಯೂ ಓದಲು ಸಿಗುವ ಮಾಹಿತಿ ಬಹಳ ಇದೆ. "ಐಡಿ" ಕಮಾಂಡ್ ಕೊಟ್ಟೆ. ಖಾತೆ ಯಾವ ಯಾವ ಗುಂಪಿನಲ್ಲಿದೆ ಎಂದು ಅದು ತೋರಿಸುತ್ತದೆ. ಸುಡೋ ಗುಂಪು ಅದರಲ್ಲಿ ಇರಲಿಲ್ಲ. "ಗೆಟೆಂಟ್ ಗ್ರೂಪ್ ಸುಡೋ" ಕೊಟ್ಟರೆ ಆ ಗುಂಪೇ ಖಾಲಿ. ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಖಾಲಿ ಬಿಟ್ಟರೆ ಮೊದಲ ಬಳಕೆದಾರನನ್ನು ಇನ್‌ಸ್ಟಾಲರ್ ಈ ಗುಂಪಿಗೆ ಸೇರಿಸುತ್ತದೆ. ಆ ಮೊದಲ ಖಾತೆಯನ್ನು ಹಿಂದೆ ಯಾವಾಗಲೋ ಅಳಿಸಲಾಗಿತ್ತು. ಈಗಿನ ಖಾತೆಗೆ ಹಕ್ಕು ಬಂದದ್ದು ಗುಂಪಿನಿಂದಲ್ಲ, /ಇಟಿಸಿ/ಸುಡೋಯರ್ಸ್ ಫೈಲ್‌ನಲ್ಲಿ ಯಾರೋ ನೇರವಾಗಿ ಬರೆದ ಒಂದು ಸಾಲಿನಿಂದ.

ಆ ಫೈಲನ್ನು ಓದಲು ಸಾಮಾನ್ಯ ಬಳಕೆದಾರನಿಗೆ ಅನುಮತಿ ಇಲ್ಲ, ಅದರ ಮೋಡ್ 0440. ಆದರೆ /ಇಟಿಸಿ ಫೋಲ್ಡರ್‌ನ ಪಟ್ಟಿ ನೋಡಬಹುದಲ್ವಾ? "ಎಲ್ಎಸ್ -ಎಲ್" ಕೊಟ್ಟಾಗ ಸುಡೋಯರ್ಸ್ ಪಕ್ಕದಲ್ಲೇ ಇನ್ನೊಂದು ಫೈಲ್ ಇತ್ತು. ಅದೇ ಹೆಸರು, ಕೊನೆಯಲ್ಲಿ "ಡಿಪಿಕೆಜಿ-ಓಲ್ಡ್" ಎಂಬ ಬಾಲ. ಅಲ್ಲಿಗೆ ಕಥೆ ಗೊತ್ತಾಯಿತು. ನೀವು ತಿದ್ದಿದ ಸೆಟ್ಟಿಂಗ್ ಫೈಲ್‌ನ ಹೊಸ ರೂಪ ಪ್ಯಾಕೇಜ್ ಜೊತೆ ಬಂದರೆ, ನಿಮ್ಮದನ್ನು ಉಳಿಸಲೋ ಹೊಸದನ್ನು ಹಾಕಲೋ ಎಂದು ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಸಾಧನವಾದ ಡಿಪಿಕೆಜಿ ಕೇಳುತ್ತದೆ. ನಿಮ್ಮದು ಉಳಿದರೆ ಹೊಸದು "ಡಿಪಿಕೆಜಿ-ಡಿಸ್ಟ್" ಎಂಬ ಹೆಸರಲ್ಲಿ ಪಕ್ಕದಲ್ಲಿ ಕೂರುತ್ತದೆ. ಹೊಸದು ಒಳಗೆ ಬಂದರೆ ನಿಮ್ಮದು "ಡಿಪಿಕೆಜಿ-ಓಲ್ಡ್" ಆಗುತ್ತದೆ.

ಹಾಗಾದರೆ ಹೊಸದನ್ನು ಹಾಕು ಎಂದು ಹೇಳಿದ್ದು ಯಾರು? /ವಾರ್/ಲಾಗ್/ಆಪ್ಟ್ ಒಳಗಿನ ಹಿಸ್ಟರಿ ಲಾಗ್ ಎಲ್ಲರಿಗೂ ಓದಲು ಸಿಗುತ್ತದೆ, ಓಡಿಸಿದ ಕಮಾಂಡ್ ಸಾಲು ಪೂರ್ತಿ ಅದರಲ್ಲಿರುತ್ತದೆ. ಅಪ್‌ಗ್ರೇಡ್ ಸ್ಕ್ರಿಪ್ಟ್ "ಫೋರ್ಸ್-ಕಾನ್ಫ್‌ನ್ಯೂ" ಆಯ್ಕೆಯೊಂದಿಗೆ ಓಡಿತ್ತು. ಯಾವ ಪ್ರಶ್ನೆಯನ್ನೂ ಕೇಳದೆ ಹೊಸ ಫೈಲನ್ನೇ ಹಾಕು ಎಂದು ಅದರ ಅರ್ಥ. ಪ್ರಶ್ನೆಗಳಿಲ್ಲದೆ ಸಲೀಸಾಗಿ ಮುಗಿಯಲಿ ಎಂದು ತುಂಬ ಸ್ಕ್ರಿಪ್ಟ್‌ಗಳಲ್ಲಿ ಇದನ್ನು ಹಾಕುತ್ತಾರೆ. ನನ್ನ ಪ್ರಕಾರ ಸರ್ವರ್ ಮೇಲೆ ಈ ಆಯ್ಕೆ ಇರಲೇಬಾರದು.

ಒಳಗೆ ಹೋಗುವ ಉಳಿದ ದಾರಿಗಳನ್ನು ಬೇಗ ನೋಡಿದೆ. "ಎಸ್‌ಯು" ರೂಟ್ ಪಾಸ್‌ವರ್ಡ್ ಕೇಳುತ್ತದೆ, ಅದು ಇಲ್ಲ. ಸುಡೋ ಥರದ್ದೇ ಆದ ಪಿಕೆಎಕ್ಸೆಕ್ ಡೆಬಿಯನ್‌ನಲ್ಲಿ ಸುಡೋ ಗುಂಪಿನವರನ್ನೇ ಅಡ್ಮಿನ್ ಎಂದು ಹಿಡಿಯುತ್ತದೆ, ಗುಂಪು ಖಾಲಿ. ಖಾತೆ ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಜಾಗದಲ್ಲಿ ಓಡಿಸುವ ಸಾಧನ) ಗುಂಪಿನಲ್ಲಿ ಇದ್ದಿದ್ದರೆ ಇಡೀ ಡಿಸ್ಕನ್ನು ಒಂದು ಕಂಟೇನರ್ ಒಳಗೆ ಮೌಂಟ್ ಮಾಡಿ ರೂಟ್ ಆಗಿ ತಿದ್ದಬಹುದಿತ್ತು, ರೀಬೂಟ್ ಬೇಕಿರಲಿಲ್ಲ. ಡಾಕರ್ ಗುಂಪಿಗೆ ಒಬ್ಬರನ್ನು ಸೇರಿಸುವುದೂ ರೂಟ್ ಕೊಡುವುದೂ ಒಂದೇ ಎಂಬುದು ಇದರಿಂದ ಗೊತ್ತಾಗುತ್ತದಲ್ವಾ. ಇಲ್ಲಿ ಡಾಕರ್ ಇರಲಿಲ್ಲ. ಸುಡೋದ ಹಳೆಯ ಭದ್ರತಾ ದೋಷ ಬಳಸಿ ಒಳಗೆ ಹೋಗುವ ಕೋಡ್ ಹುಡುಕುವವರೂ ಇದ್ದಾರೆ. ಬೇರೆಯವರ ಡೇಟಾ ಇರುವ ಯಂತ್ರದ ಮೇಲೆ ಅಪರಿಚಿತರ ಕೋಡನ್ನು ರೂಟ್ ಆಗಿ ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ಕನ್ಸೋಲ್, ಅಂದರೆ ಯಂತ್ರದ್ದೇ ಪರದೆ ಮತ್ತು ಕೀಬೋರ್ಡ್, ಇರುವಾಗ ಅದರ ಅಗತ್ಯವೂ ಇಲ್ಲ.

ಸರಿ, ಕನ್ಸೋಲ್. ಎಸ್‌ಎಸ್‌ಎಚ್ ಮೂಲಕ ಗ್ರಬ್ (ಸಿಸ್ಟಂ ಬೂಟ್ ಮಾಡಿಸುವ ಪ್ರೋಗ್ರಾಂ) ಮೆನು ಸಿಗುವುದಿಲ್ಲ. ಯಂತ್ರಕ್ಕೆ ಕೀಬೋರ್ಡ್, ಮಾನಿಟರ್ ಬೇಕು. ಇಲ್ಲವೇ ಐಪಿಎಂಐ (ದೂರದಿಂದ ಯಂತ್ರ ನಿಯಂತ್ರಿಸುವ ವ್ಯವಸ್ಥೆ) ಅಥವಾ ಕ್ಲೌಡ್‌ನ ಸೀರಿಯಲ್ ಕನ್ಸೋಲ್ ಬೇಕು. ಬಳಸುವವರಿಗೆಲ್ಲ ಮೊದಲೇ ತಿಳಿಸಿ, ಓಡುತ್ತಿದ್ದ ನಕಲು ಕೆಲಸಗಳು ಮುಗಿಯುವವರೆಗೆ ಕಾದು ರೀಬೂಟ್ ಮಾಡಿದೆ. ಸಾಮಾನ್ಯ ಬಳಕೆದಾರನಿಗೆ ರೀಬೂಟ್ ಕಮಾಂಡ್ ಸಿಗದಿದ್ದರೆ ಪವರ್ ಬಟನ್ ಒಮ್ಮೆ ಮೆಲ್ಲಗೆ ಒತ್ತಿದರೆ ಸಾಕು, ಸೇವೆಗಳನ್ನು ಶುರು ಮಾಡಿ ನಿಲ್ಲಿಸುವ ಸಿಸ್ಟಂಡಿ ಕ್ರಮವಾಗಿಯೇ ಮುಚ್ಚುತ್ತದೆ. ಒತ್ತಿ ಹಿಡಿಯಬೇಡಿ.

ಗ್ರಬ್ ಮೆನು ಅಡಗಿದ್ದರೆ ಹಳೆಯ ಬಯಾಸ್ ಯಂತ್ರದಲ್ಲಿ ಶಿಫ್ಟ್ ಹಿಡಿಯಬೇಕು, ಯುಇಎಫ್‌ಐ ಆದರೆ ಎಸ್ಕೇಪ್ ಒತ್ತಬೇಕು. ಮೊದಲು ರಿಕವರಿ ಮೋಡ್ ನೋಡಿದೆ. ರೂಟ್ ಖಾತೆಗೆ ಬೀಗ ಇರುವುದರಿಂದ ಕನ್ಸೋಲ್ ಕೊಡಲಾಗದು ಎಂದಿತು. ಡೆಬಿಯನ್‌ನಲ್ಲಿ ಇದು ನಿರೀಕ್ಷಿತವೇ. ರಿಕವರಿ ಮೋಡ್ ಕೂಡ ರೂಟ್ ಪಾಸ್‌ವರ್ಡ್ ಕೇಳುವಂಥದ್ದು.

ಆದ್ದರಿಂದ ಕೆಳಗಿನ ಹಂತಕ್ಕೆ ಹೋಗಬೇಕಾಯಿತು. ಮೆನುವಿನಲ್ಲಿ ಮಾಮೂಲಿ ಸಾಲಿನ ಮೇಲೆ ನಿಂತು "ಇ" ಕೀ ಒತ್ತಿದರೆ ಬೂಟ್ ಸಾಲುಗಳು ತೆರೆದುಕೊಳ್ಳುತ್ತವೆ. "ಲಿನಕ್ಸ್" ಎಂದು ಶುರುವಾಗುವ ಸಾಲಿನ ಕೊನೆಗೆ ಹೋಗಿ ಇಷ್ಟು ಸೇರಿಸಿದೆ:

ಇನಿಟ್=/ಬಿನ್/ಬ್ಯಾಶ್

ಕರ್ನಲ್ (ಸಿಸ್ಟಂನ ತಿರುಳು) ಸಿಸ್ಟಂಡಿ ಬದಲು ನೇರ ಬ್ಯಾಶ್ ಎಂಬ ಶೆಲ್ಲನ್ನೇ ಮೊದಲ ಪ್ರಕ್ರಿಯೆಯಾಗಿ ಓಡಿಸಲಿ ಎಂದು ಇದರ ಅರ್ಥ. ಲಾಗಿನ್ ಪ್ರೋಗ್ರಾಂ ಬರುವುದೇ ಇಲ್ಲ, ಹಾಗಾಗಿ ಪಾಸ್‌ವರ್ಡ್ ಪ್ರಶ್ನೆಯೂ ಇಲ್ಲ. ಅದೇ ಸಾಲಿನ "ಕ್ವಯಟ್" ಎಂಬ ಪದ ತೆಗೆದೆ, ಏನಾಗುತ್ತಿದೆ ಎಂದು ಕಾಣಲಿ ಎಂದು. ಆಮೇಲೆ ಕಂಟ್ರೋಲ್-ಎಕ್ಸ್. ಎಫ್10 ಕೂಡ ಆಗುತ್ತದೆ. ಈ ತಿದ್ದುಪಡಿ ಆ ಒಂದು ಬೂಟ್‌ಗೆ ಮಾತ್ರ, ಡಿಸ್ಕ್ ಮೇಲೆ ಏನೂ ಉಳಿಯುವುದಿಲ್ಲ. ತಪ್ಪು ಟೈಪ್ ಆದರೂ ಭಯವಿಲ್ಲ, ಮತ್ತೆ ಶುರು ಮಾಡಬಹುದು.

ಸಂದೇಶಗಳು ಓಡಿದವು, ಪರದೆ ನಿಂತಿತು. ಪ್ರಾಂಪ್ಟ್ ಬರಲಿಲ್ಲ. ಯಂತ್ರ ಸ್ತಬ್ಧವಾಗಿದೆ ಎಂದೇ ತೋರುತ್ತದೆ. ಕಾರಣ ಅದೇ ಬೂಟ್ ಸಾಲಿನಲ್ಲಿತ್ತು. ಅಲ್ಲಿ "ಕನ್ಸೋಲ್=" ಎಂದು ಎರಡು ಕಡೆ ಬರೆದಿತ್ತು, ಮೊದಲನೆಯದು ಪರದೆ, ಎರಡನೆಯದು ಸೀರಿಯಲ್ ಪೋರ್ಟ್. ಇಂಥವು ಎಷ್ಟಿದ್ದರೂ ಕೊನೆಯದೇ ಮೊದಲ ಪ್ರಕ್ರಿಯೆಯ ಕನ್ಸೋಲ್ ಆಗುತ್ತದೆ. ಬ್ಯಾಶ್ ಸೀರಿಯಲ್ ಪೋರ್ಟ್‌ನಲ್ಲಿ ನಮಗಾಗಿ ಕಾಯುತ್ತಿತ್ತು, ನಾವು ಮಾನಿಟರ್ ನೋಡುತ್ತಿದ್ದೆವು. ಮತ್ತೆ ಗ್ರಬ್‌ಗೆ ಹೋಗಿ ಸೀರಿಯಲ್ ಭಾಗವನ್ನು ಅಳಿಸಿದೆ. ಈ ಸಲ ಹ್ಯಾಷ್ ಗುರುತಿನ ರೂಟ್ ಪ್ರಾಂಪ್ಟ್ ಪರದೆ ಮೇಲೇ ಬಂತು. ಎಷ್ಟೋ ಜನ ಈ ಹಂತದಲ್ಲಿ "ಈ ದಾರಿ ನಮ್ಮ ಯಂತ್ರದಲ್ಲಿ ಆಗಲ್ಲ" ಎಂದು ಬಿಟ್ಟು ಹೋಗುತ್ತಾರೆ. ಕನ್ಸೋಲ್ ಸಾಲನ್ನು ಒಮ್ಮೆ ನೋಡಿ.

ಜಾಬ್ ಕಂಟ್ರೋಲ್ ಇಲ್ಲ ಎಂದು ಬ್ಯಾಶ್ ಹೇಳುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಕಂಟ್ರೋಲ್-ಸಿ ಕೆಲಸ ಮಾಡುವುದಿಲ್ಲ ಎಂಬುದು ನೆನಪಿರಲಿ. "ಪಿಂಗ್" ಥರ ತಾನಾಗಿ ನಿಲ್ಲದ ಕಮಾಂಡ್ ಕೊಡಬೇಡಿ. "ಎಕ್ಸಿಟ್" ಅಂತೂ ಬೇಡವೇ ಬೇಡ. ಮೊದಲ ಪ್ರಕ್ರಿಯೆ ಸತ್ತರೆ ಕರ್ನಲ್ ಪ್ಯಾನಿಕ್ ಆಗುತ್ತದೆ, ಅಂದರೆ ಇಡೀ ಸಿಸ್ಟಂ ಅಲ್ಲೇ ನಿಲ್ಲುತ್ತದೆ. ಕೀಬೋರ್ಡ್ ವಿನ್ಯಾಸ ಕೂಡ ಈ ಹಂತದಲ್ಲಿ ಅಮೆರಿಕನ್ ವಿನ್ಯಾಸವೇ ಆಗಿರುವುದು ಹೆಚ್ಚು. ಬೇರೆ ವಿನ್ಯಾಸ ಬಳಸುವವರು ಇಲ್ಲಿ ಚಿಹ್ನೆಗಳಿರುವ ಹೊಸ ಪಾಸ್‌ವರ್ಡ್ ಇಟ್ಟರೆ, ಆಮೇಲೆ ಅದೇ ಕೀಗಳು ಬೇರೆ ಅಕ್ಷರ ಕೊಟ್ಟು ಲಾಗಿನ್ ಬೀಳಬಹುದು. ಪಾಸ್‌ವರ್ಡ್ ಇಡಲೇಬೇಕಾದರೆ ಅಕ್ಷರ ಮತ್ತು ಅಂಕಿ ಮಾತ್ರ ಇಟ್ಟು ಆಮೇಲೆ ಬದಲಿಸಿ.

ರೂಟ್ ಡಿಸ್ಕ್ ಈಗ ಓದಲು ಮಾತ್ರ ಎಂಬ ಸ್ಥಿತಿಯಲ್ಲಿರುತ್ತದೆ. ಬೂಟ್ ಸಾಲಿನಲ್ಲೇ "ಆರ್‌ಒ" ತೆಗೆದು "ಆರ್‌ಡಬ್ಲ್ಯೂ" ಎಂದು ಹಾಕುವವರಿದ್ದಾರೆ. ನಾನು ಹಾಕಲಿಲ್ಲ. ಮೊದಲು ಓದಿ ನೋಡುವಾಗ ಕೈತಪ್ಪಿ ಏನೂ ಬರೆಯದಿರಲಿ ಎಂಬುದು ನನ್ನ ಇಷ್ಟ. ಹಳೆಯ ಸುಡೋಯರ್ಸ್ ಮತ್ತು ಹೊಸದನ್ನು "ಡಿಫ್" ಮಾಡಿ ನೋಡಿದೆ. ವ್ಯತ್ಯಾಸ ಕಡಿಮೆಯೇ. ನಮ್ಮ ಖಾತೆಯ ಸಾಲು ಹೊಸದರಲ್ಲಿ ಇಲ್ಲ. ಬ್ಯಾಕಪ್ ಖಾತೆಗೆ ಪಾಸ್‌ವರ್ಡ್ ಇಲ್ಲದೆ ಒಂದೇ ಒಂದು ಸ್ಕ್ರಿಪ್ಟ್ ಓಡಿಸಲು ಕೊಟ್ಟಿದ್ದ ಸಾಲೂ ಇಲ್ಲ. ಇದು ಬೆಚ್ಚಿಬೀಳಿಸಿತು. ಅಂದರೆ ಅಪ್‌ಗ್ರೇಡ್ ಆದಾಗಿನಿಂದ ಬ್ಯಾಕಪ್ ಕೂಡ ನಿಂತಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಮೂರನೆಯ ವ್ಯತ್ಯಾಸ ಹೆಚ್ಚುವರಿ ನಿಯಮಗಳ ಫೈಲ್‌ಗಳನ್ನು ಇಡುವ ಸುಡೋಯರ್ಸ್-ಡಿ ಫೋಲ್ಡರನ್ನು ಸೇರಿಸುವ ಸಾಲು. ಹಿಂದೆ ಅದು ಹ್ಯಾಷ್ ಗುರುತಿನಿಂದ ಶುರುವಾಗುತ್ತಿತ್ತು, ಟಿಪ್ಪಣಿಯಂತೆ ಕಂಡರೂ ಅದು ಜೀವಂತ ಸಾಲು. ಟಿಪ್ಪಣಿ ಎಂದುಕೊಂಡು ಅಳಿಸಿದವರು ಎಷ್ಟೋ ಜನ. ಸುಡೋ 1.9.1ರಿಂದ ಅದನ್ನು @ ಗುರುತಿನಿಂದ ಬರೆಯಬಹುದು, ಹೊಸ ಫೈಲ್‌ನಲ್ಲಿ ಹಾಗೇ ಇತ್ತು.

ಹಳೆಯ ಫೈಲನ್ನು ಹಾಗೇ ವಾಪಸ್ ನಕಲು ಮಾಡಿದರೆ ಆಯಿತಲ್ವಾ ಎಂದು ಕೇಳಬಹುದು. ಇವತ್ತಿಗೆ ಆಗುತ್ತದೆ. ಆದರೆ ಪ್ಯಾಕೇಜ್‌ನ ಫೈಲನ್ನು ನಾವು ತಿದ್ದಿಟ್ಟಷ್ಟು ದಿನ ಪ್ರತಿ ದೊಡ್ಡ ಅಪ್‌ಗ್ರೇಡ್‌ನಲ್ಲೂ ಇದೇ ಪ್ರಶ್ನೆ ಏಳುತ್ತದೆ, ಇದೇ ಅಪಾಯ ಮರಳುತ್ತದೆ. ಮುಖ್ಯ ಫೈಲನ್ನು ಪ್ಯಾಕೇಜ್ ಕೊಟ್ಟಂತೆಯೇ ಬಿಡುವುದು, ನಮ್ಮದೆಲ್ಲ ಬೇರೆ ಕಡೆ ಇಡುವುದು ಎಂದು ನಿರ್ಧರಿಸಿದೆ. ಡಿಸ್ಕನ್ನು ಬರೆಯುವ ಸ್ಥಿತಿಗೆ ತಂದೆ:

ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ /

ಆಮೇಲೆ ಖಾತೆಯನ್ನು ಗುಂಪಿಗೆ ಸೇರಿಸಿದೆ. "ಯೂಸರ್‌ಮಾಡ್" ಕಮಾಂಡ್, ಸಣ್ಣ ಎ ಮತ್ತು ದೊಡ್ಡ ಜಿ ಆಯ್ಕೆ, ಸುಡೋ ಗುಂಪು, ಖಾತೆಯ ಹೆಸರು. ಆ ಸಣ್ಣ ಎ ಬಿಟ್ಟುಹೋದರೆ ಗುಂಪಿಗೆ ಸೇರಿಸುವ ಬದಲು ಹಳೆಯ ಹೆಚ್ಚುವರಿ ಗುಂಪುಗಳನ್ನೆಲ್ಲ ಕಿತ್ತು ಇದೊಂದನ್ನೇ ಉಳಿಸುತ್ತದೆ. ಎಷ್ಟೋ ಜನ ಅಡ್ಮಿನ್ ಹಕ್ಕು ಕಳೆದುಕೊಳ್ಳುವುದೇ ಹೀಗೆ, ಯಾವುದೋ ಬೇರೆ ಗುಂಪಿಗೆ ತಮ್ಮನ್ನು ಸೇರಿಸಿಕೊಳ್ಳಲು ಹೋಗಿ. "ಆಡ್‌ಯೂಸರ್" ಹೆಸರು, ಗುಂಪು ಎಂದು ಕೊಟ್ಟರೆ ಆ ಅಪಾಯ ಇಲ್ಲ. ರೆಡ್ ಹ್ಯಾಟ್ ಬಳಗದಲ್ಲಿ ಈ ಗುಂಪಿನ ಹೆಸರು "ವೀಲ್".

ಬ್ಯಾಕಪ್ ಸಾಲನ್ನು ಸುಡೋಯರ್ಸ್-ಡಿ ಒಳಗೆ ಬೇರೆ ಫೈಲ್ ಆಗಿ ಬರೆದೆ. ಬರೆಯಲು ವಿಸುಡೋವನ್ನೇ ಬಳಸಿದೆ, ಮಾಮೂಲಿ ಎಡಿಟರ್ ಅಲ್ಲ. ವಿಸುಡೋ ಉಳಿಸುವ ಮೊದಲು ವ್ಯಾಕರಣ ನೋಡುತ್ತದೆ, ತಪ್ಪಿದ್ದರೆ ಹೇಳುತ್ತದೆ. ಫೈಲ್ ಹೆಸರಿನ ಬಗ್ಗೆ ಒಂದು ಎಚ್ಚರ. ಈ ಫೋಲ್ಡರ್‌ನಲ್ಲಿ ಹೆಸರಿನೊಳಗೆ ಚುಕ್ಕೆ ಇರುವ ಫೈಲನ್ನು ಸುಡೋ ಓದುವುದೇ ಇಲ್ಲ. "ಬ್ಯಾಕಪ್.ಕಾನ್ಫ್" ಎಂದು ಇಟ್ಟರೆ ಯಾವ ದೂರೂ ಇಲ್ಲದೆ ಪಕ್ಕಕ್ಕೆ ತಳ್ಳುತ್ತದೆ. ಪ್ಯಾಕೇಜ್‌ಗಳ "ಡಿಪಿಕೆಜಿ-ಓಲ್ಡ್" ಥರದ ಹಳೆಯ ಪ್ರತಿಗಳು ತಪ್ಪಿ ಜಾರಿಗೆ ಬರದಿರಲಿ ಎಂದು ಮಾಡಿದ ವ್ಯವಸ್ಥೆ ಇದು. ಹೆಸರನ್ನು "ಬ್ಯಾಕಪ್" ಎಂದಷ್ಟೇ ಇಟ್ಟೆ.

ಹೊರಡುವ ಮೊದಲು ಪರೀಕ್ಷೆ. "ವಿಸುಡೋ -ಸಿ" ಎಲ್ಲ ಫೈಲ್‌ಗಳೂ ಸರಿ ಎಂದಿತು. "ಸುಡೋ -ಎಲ್" ಜೊತೆ ದೊಡ್ಡ ಯು ಮತ್ತು ಖಾತೆಯ ಹೆಸರು ಕೊಟ್ಟರೆ ಆ ಖಾತೆಗೆ ಏನೇನು ಹಕ್ಕಿದೆ ಎಂದು ರೂಟ್ ಆಗಿದ್ದುಕೊಂಡೇ ನೋಡಬಹುದು. ಎರಡೂ ಖಾತೆಗಳನ್ನು ನೋಡಿದೆ, ಬೇಕಾದದ್ದೇ ಬಂತು. ಇದನ್ನು ಬಿಟ್ಟು ಹೊರಟರೆ ಒಂದು ಅಲ್ಪವಿರಾಮದ ತಪ್ಪಿಗೆ ಮತ್ತೆ ಇಡೀ ದಾರಿ ನಡೆಯಬೇಕಾಗುತ್ತದೆ. ಕೊನೆಗೆ "ಸಿಂಕ್" ಕೊಟ್ಟು, "ಎಕ್ಸೆಕ್ /ಎಸ್‌ಬಿನ್/ಇನಿಟ್" ಎಂದೆ. ಬ್ಯಾಶ್ ತನ್ನ ಜಾಗವನ್ನು ಸಿಸ್ಟಂಡಿಗೆ ಬಿಟ್ಟುಕೊಡುತ್ತದೆ, ಬೂಟ್ ಎಂದಿನಂತೆ ಮುಂದುವರಿಯುತ್ತದೆ. ಎಸ್‌ಎಸ್‌ಎಚ್‌ನಿಂದ ಲಾಗಿನ್ ಆಗಿ ಸುಡೋ ಕೊಟ್ಟೆ. ರೂಟ್ ಬಂತು. ಬ್ಯಾಕಪ್ ಸ್ಕ್ರಿಪ್ಟನ್ನು ಕೈಯಿಂದಲೇ ಒಮ್ಮೆ ಓಡಿಸಿ ಪೂರ್ತಿ ಮುಗಿಯುವವರೆಗೆ ನೋಡಿದೆ.

ನಿಮ್ಮ ಸ್ಥಿತಿ ಇದಕ್ಕಿಂತ ಬೇರೆ ಇರಬಹುದು. ಸೆಟ್‌ಯುಐಡಿ ಬಿಟ್ ಹೋಗಿದ್ದರೆ ಇದೇ ಬ್ಯಾಶ್‌ನಿಂದ ಸರಿಮಾಡಬಹುದು, ಆದರೆ ಕ್ರಮ ಮುಖ್ಯ. ಮೊದಲು "ಚೋನ್" ಕೊಟ್ಟು ಮಾಲೀಕನನ್ನು ರೂಟ್ ಮಾಡಿ, ಆಮೇಲೆ "ಚ್‌ಮಾಡ್ 4755". ತಿರುಗಿಸಿ ಮಾಡಿದರೆ ಮಾಲೀಕ ಬದಲಾದ ಕೂಡಲೇ ಕರ್ನಲ್ ಆ ಬಿಟ್ ಅಳಿಸುತ್ತದೆ, ಮತ್ತೆ ಮೊದಲಿನ ಜಾಗಕ್ಕೇ ಬರುತ್ತೀರಿ. ರೆಡ್ ಹ್ಯಾಟ್ ಬಳಗದಲ್ಲಿ ಬೂಟ್ ಸಾಲಿಗೆ "ಆರ್‌ಡಿ.ಬ್ರೇಕ್" ಸೇರಿಸುವುದು ವಾಡಿಕೆ. ಡಿಸ್ಕ್ /ಸಿಸ್‌ರೂಟ್‌ನಲ್ಲಿ ಸಿಗುತ್ತದೆ, ಬರೆಯುವ ಸ್ಥಿತಿಗೆ ತಂದು "ಸಿಎಚ್‌ರೂಟ್" ಕೊಟ್ಟು ಅದನ್ನೇ ಮೂಲ ಫೋಲ್ಡರ್ ಎಂದು ಹಿಡಿದು ಅದರೊಳಗೆ ಹೋಗಬೇಕು. ಅಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹೊರಡುವ ಮೊದಲು ರೂಟ್ ಫೋಲ್ಡರ್‌ನಲ್ಲಿ ".ಆಟೋರಿಲೇಬಲ್" ಎಂಬ ಖಾಲಿ ಫೈಲ್ ಮಾಡಿ. ಮಾಡದಿದ್ದರೆ ಪಾಸ್‌ವರ್ಡ್‌ಗಳಿರುವ ಶ್ಯಾಡೋ ಫೈಲ್‌ನ ಎಸ್‌ಇಲಿನಕ್ಸ್ (ಇನ್ನೊಂದು ಭದ್ರತಾ ಪದರ) ಗುರುತು ತಪ್ಪಿ, ಹೊಸ ಪಾಸ್‌ವರ್ಡ್ ಇದ್ದೂ ಲಾಗಿನ್ ಆಗದೆ ಹೋಗಬಹುದು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಅದರ ಪಾಸ್‌ಫ್ರೇಸ್ ಬೇಕೇ ಬೇಕು, ಇದಕ್ಕೆ ಅಡ್ಡದಾರಿ ಇಲ್ಲ, ಇರಬಾರದು ಕೂಡ.

ಕನ್ಸೋಲೇ ಸಿಗದ ಕ್ಲೌಡ್ ಯಂತ್ರವಾದರೆ ಅದನ್ನು ನಿಲ್ಲಿಸಿ, ಅದರ ಡಿಸ್ಕ್ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಹಚ್ಚಿ, ಮೌಂಟ್ ಮಾಡಿ ತಿದ್ದಬೇಕು. ಸಹಾಯದ ಯಂತ್ರವನ್ನು ಅದೇ ಇಮೇಜ್‌ನಿಂದ ಮಾಡಬೇಡಿ. ಎರಡೂ ಡಿಸ್ಕ್‌ಗಳ ಯುಯುಐಡಿ (ಗುರುತಿನ ಸಂಖ್ಯೆ) ಒಂದೇ ಆಗುತ್ತದೆ. ಎಕ್ಸ್‌ಎಫ್‌ಎಸ್ ಆದರೆ ಮೌಂಟ್ ಆಗಲು ಒಪ್ಪುವುದಿಲ್ಲ, "ನೋಯುಯುಐಡಿ" ಆಯ್ಕೆ ಕೊಡಬೇಕಾಗುತ್ತದೆ. ಬೇರೆ ಫೈಲ್ ಸಿಸ್ಟಂ ಆದರೆ ಮರುಬೂಟ್‌ನಲ್ಲಿ ತಪ್ಪು ಡಿಸ್ಕ್‌ನಿಂದ ಏಳುವ ಅಪಾಯ ಇದೆ.

ಇಷ್ಟೆಲ್ಲ ಆದ ಮೇಲೆ ಅಪ್‌ಡೇಟನ್ನೇ ನಿಲ್ಲಿಸೋಣ ಎಂಬ ಮಾತು ಬರುತ್ತದೆ. ನಾನು ಒಪ್ಪುವುದಿಲ್ಲ. 2021ರ ಜನವರಿಯಲ್ಲಿ ಸುಡೋದ ಒಂದು ದೋಷ ಬಯಲಾಯಿತು, ಅದರ ಗುರುತಿನ ಸಂಖ್ಯೆ ಸಿವಿಇ-2021-3156. 2011ರಿಂದ ಅದು ಕೋಡ್‌ನಲ್ಲಿ ಅಡಗಿತ್ತು. ಸುಡೋಯರ್ಸ್‌ನಲ್ಲಿ ಹೆಸರೇ ಇಲ್ಲದ ಬಳಕೆದಾರ ಕೂಡ ಅದರಿಂದ ರೂಟ್ ಆಗಬಹುದಿತ್ತು. ಇಂಥದ್ದಕ್ಕೆ ಮದ್ದು ಅಪ್‌ಡೇಟ್ ಮಾತ್ರ. ಬದಲಾಗಬೇಕಾದದ್ದು ಸ್ಕ್ರಿಪ್ಟ್. ಅದರಲ್ಲಿ ಕಾನ್ಫ್‌ನ್ಯೂ ತೆಗೆದು "ಫೋರ್ಸ್-ಕಾನ್ಫ್‌ಡೆಫ್" ಮತ್ತು "ಫೋರ್ಸ್-ಕಾನ್ಫ್‌ಓಲ್ಡ್" ಎರಡನ್ನೂ ಹಾಕಿದೆ. ತಿದ್ದಿದ ಫೈಲ್ ಉಳಿಯುತ್ತದೆ, ಹೊಸದು ಪಕ್ಕದಲ್ಲಿ ಕಾಯುತ್ತದೆ. ಎಟ್ಸಿಕೀಪರ್ ಹಾಕಿದೆ, ಅದು /ಇಟಿಸಿ ಫೋಲ್ಡರನ್ನು ಗಿಟ್‌ನಲ್ಲಿ ಇಟ್ಟು ಪ್ರತಿ ಆಪ್ಟ್ (ಪ್ಯಾಕೇಜ್ ಅಪ್‌ಡೇಟ್ ಮಾಡುವ ಸಾಧನ) ಓಟದ ಹಿಂದೆ ಮುಂದೆ ದಾಖಲಿಸುತ್ತದೆ. ಇನ್ನೊಬ್ಬರಿಗೆ ಸ್ವಂತ ಕೀ ಇರುವ ಎರಡನೆಯ ಅಡ್ಮಿನ್ ಖಾತೆ ಕೊಟ್ಟು, ಅವರ ಕೈಯಿಂದಲೇ ಸುಡೋ ಓಡಿಸಿ ನೋಡಿದೆ. ಬ್ಯಾಕಪ್ ನಿಂತರೆ ಮೇಲ್ ಬರುವಂತೆ ಮಾಡಿದೆ. ಇದು ನನ್ನ ಮಟ್ಟಿಗೆ ಉಳಿದೆಲ್ಲದಕ್ಕಿಂತ ಮುಖ್ಯ.

ಉಳಿದದ್ದು ಒಂದೇ. ಕಾನ್ಫ್‌ನ್ಯೂ ಸುಡೋಯರ್ಸ್ ಒಂದನ್ನೇ ಮುಟ್ಟಿರಲಾರದು. /ಇಟಿಸಿ ಒಳಗೆ "ಡಿಪಿಕೆಜಿ-ಓಲ್ಡ್" ಬಾಲದ ಫೈಲ್‌ಗಳನ್ನೆಲ್ಲ "ಫೈಂಡ್" ಹಾಕಿ ಹುಡುಕಿದೆ. ಎಸ್‌ಎಸ್‌ಎಚ್ ಸರ್ವರ್‌ನ ಸೆಟ್ಟಿಂಗ್ ಅದರಲ್ಲಿ ಇರಲಿಲ್ಲ. ಡೆಬಿಯನ್ ಅದನ್ನು ಯುಸಿಎಫ್ ಎಂಬ ಬೇರೆ ಸಾಧನದಿಂದ ನೋಡಿಕೊಳ್ಳುತ್ತದೆ, ಡಿಪಿಕೆಜಿಯ ಆಯ್ಕೆ ಅದಕ್ಕೆ ತಾಗುವುದಿಲ್ಲ. ಕೀ ಲಾಗಿನ್ ಉಳಿದದ್ದು ಅದರಿಂದಲೇ. ಆದರೆ ಕರ್ನಲ್ ಸೆಟ್ಟಿಂಗ್‌ಗಳನ್ನು ಇಡುವ ಸಿಸ್‌ಸಿಟಿಎಲ್‌ನ ಮುಖ್ಯ ಫೈಲ್ ಬದಲಾಗಿತ್ತು, ನೆಟ್‌ವರ್ಕ್ ಬಫರ್ ಹೆಚ್ಚಿಸಿದ್ದ ಸಾಲುಗಳು ಹೋಗಿದ್ದವು. ಅವನ್ನು ಸಿಸ್‌ಸಿಟಿಎಲ್-ಡಿ ಫೋಲ್ಡರ್‌ನಲ್ಲಿ ಬೇರೆ ಫೈಲ್ ಮಾಡಿ ಇಟ್ಟೆ. ಇಲ್ಲಿ ನಿಯಮ ಸುಡೋಯರ್ಸ್-ಡಿಗೆ ಪೂರ್ತಿ ಉಲ್ಟಾ. ಹೆಸರು ".ಕಾನ್ಫ್" ಎಂದು ಮುಗಿಯಲೇಬೇಕು, ಇಲ್ಲದಿದ್ದರೆ ಬೂಟ್ ಆಗುವಾಗ ಆ ಫೈಲನ್ನು ಯಾರೂ ಓದುವುದಿಲ್ಲ.